ಪುಸ್ತಕದ ಬಾಲ

ಜೂನ್ ೧೨

ಪ್ರೀತಿಯ ಕಡ್ಡಿಗೆ,

ನಿನ್ನ ಬುರುಡೆ ಮಾವನ ಆಶೀರ್ವಾದಗಳು. ಇಲ್ಲಿ ನಾನು ಚೆನ್ನಾಗಿದ್ದೇನೆ, ನಮ್ಮ ಕೋಲ್ಡ್ ಸ್ಟೋರೇಜಿನ ಮೂರೂ ಕಂಪ್ರೆಸರುಗಳು ಚೆನ್ನಾಗಿವೆ, ನಿನ್ನ ಅತ್ತೆ ನನ್ನ ಮೇಲೆ ಸಿಟ್ಟಾಗಿದ್ದಾಳೆ. ಅಂದರೆ ಎಲ್ಲವೂ ಇರಬೇಕಾದ ಹಾಗೆಯೇ ಇದೆ.

ಫೋನು ಬಿಟ್ಟು ಪತ್ರ ಯಾಕೆ ಎನ್ನುತ್ತೀಯ. ಫೋನಿನಲ್ಲಿ ನಾನು ಬಾಯಿ ತೆರೆದರೆ ಸಾಕು, ನಿನ್ನ ಅತ್ತೆ ಅಡುಗೆಮನೆಯಿಂದಲೇ ತಿದ್ದಲು ಶುರು ಮಾಡುತ್ತಾಳೆ. "ಹತ್ತು ಜನ ಅಲ್ಲ, ನಾಲ್ಕು ಜನ! ಅವ್ರು ಕರೀಲಿಲ್ಲ, ನೀವೇ ಹೋದ್ರಿ!" ಕಥೆ ಹೇಳುವವನಿಗೆ ಇದಕ್ಕಿಂತ ದೊಡ್ಡ ಶಿಕ್ಷೆ ಉಂಟೇ? ಕಾಗದವಾದರೆ ಬರೆದದ್ದನ್ನು ಬರೆಸಿಕೊಂಡು ತೆಪ್ಪಗಿರುತ್ತದೆ.

ಈಗ ಸುದ್ದಿ ಕೇಳು. ಇಲ್ಲಿಯ ವೃತ್ತಿ ಕಾಲೇಜಿನವರು ನಿನ್ನ ಮಾವನನ್ನು ಕರೆಸಿಕೊಂಡಿದ್ದಾರೆ! ರೆಫ್ರಿಜರೇಷನ್ ವಿಭಾಗ. ವಾರಕ್ಕೆ ಮೂರು ದಿನ, ಮಧ್ಯಾಹ್ನ ಎರಡರಿಂದ ಐದು. ನೀಲಿ ಕೋಟು ಕೊಟ್ಟಿದ್ದಾರೆ, ಎದೆಯ ಮೇಲೆ ಜೇಬಿದೆ. ಜೇಬಿಗೆ ಎರಡು ಪೆನ್ನು ಸಿಕ್ಕಿಸಿಕೊಂಡು ಬೀದಿಯಲ್ಲಿ ನಡೆದರೆ ಅಂಗಡಿಯವರೆಲ್ಲ ಎದ್ದು ನಿಲ್ಲುವುದೊಂದು ಬಾಕಿ. "ನಿಮ್ಮಂಥ ಅನುಭವಸ್ಥರು ಬರಲೇಬೇಕು" ಎಂದು ನಮ್ಮ ಕಂಪನಿಯವರೂ ಕಾಲೇಜಿನವರೂ ಒಟ್ಟಿಗೇ ಹೇಳಿದರು. ಬರಬೇಕು ಅಲ್ಲ, ಬರಲೇಬೇಕು. ಅದನ್ನು ಗಮನಿಸು.

ಸಂಗತಿ ಏನೆಂದರೆ, ಮಿಷನ್ನಿಗೆ ತುಂಬುವ ತಂಪಿನ ಗ್ಯಾಸಿನಲ್ಲಿ ಹೊಸ ಹೊಸವು ಬಂದಿವೆ. ಈ ಡಿಸೆಂಬರ್ ಮುಗಿದ ಮೇಲೆ ಕಾಲೇಜಿನ ಸರ್ಟಿಫಿಕೇಟು ಇಲ್ಲದವರು ಸಿಲಿಂಡರ್ ಮುಟ್ಟುವಂತಿಲ್ಲವಂತೆ. ಅಂಥವರನ್ನು ಬಾಗಿಲ ಬಳಿ ಕೂರಿಸಿ, ಒಳಗೆ ಹೋಗುವ ಆಲೂಗಡ್ಡೆ ಮೂಟೆ ಎಣಿಸಲು ಹಾಕುತ್ತಾರಂತೆ. ಇಪ್ಪತ್ತೆಂಟು ವರ್ಷ ಮಿಷನ್ನಿನ ಹೊಟ್ಟೆಗೆ ಕಿವಿ ಇಟ್ಟು ಕಾಯಿಲೆ ಹೇಳಿದವನು ಮೂಟೆ ಎಣಿಸುವುದೆಂದರೆ ಏನು ಹೇಳು. ನಾನು ಬೇರೆಯವರ ವಿಷಯ ಹೇಳುತ್ತಿದ್ದೇನೆ. ನಮ್ಮ ಮಿಷನ್ನಿನ ಮ್ಯಾನುಯಲ್ ನನಗೆ ಬಾಯಿಪಾಠ.

ಬೇಗ ಉತ್ತರ ಬರೆ. ಊಟ ಸರಿಯಾಗಿ ಮಾಡು. ಹೆಸರಿಗೆ ತಕ್ಕ ಹಾಗೆ ಇನ್ನೂ ಎಷ್ಟು ದಿನ ಕಡ್ಡಿಯಾಗಿ ಇರುತ್ತೀಯ?

ನಿನ್ನ
ಮಾವ


ಜೂನ್ ೨೭

ಪ್ರೀತಿಯ ಬುರುಡೆ ಮಾವನಿಗೆ,

ನಿಮ್ಮ ಪತ್ರವನ್ನು ನಿಂತುಕೊಂಡೇ ಎರಡು ಸಲ ಓದಿದೆ. ನೀವು ಕಾಲೇಜಿನಲ್ಲಿ ಮೇಷ್ಟ್ರು! ನಮ್ಮ ಕಾಲೇಜಿನ ಲೈಬ್ರರಿಯಲ್ಲಿ ಆಗ ಇದ್ದದ್ದು ಇಬ್ಬರೇ. ಇಬ್ಬರನ್ನೂ ನಿಲ್ಲಿಸಿ ಹೇಳಿದೆ. ಅವರಲ್ಲೊಬ್ಬ ಹಾಸ್ಟೆಲಿನಲ್ಲಿ ಕರೆಂಟು ಹೋದಾಗ ನಮ್ಮ ಫ್ಯಾನಿಗಾಗಿ ಬಂದು ಕೂತವನು, ಪಾಪ, ಅವನೂ ಸಂತೋಷಪಟ್ಟ.

ನನಗೆ ನೆನಪಾದದ್ದು ನಿಮ್ಮ ಸೈಕಲ್. ಶನಿವಾರ ಶನಿವಾರ ಹಿಂದಿನ ಸೀಟಿನಲ್ಲಿ ಕೂರಿಸಿಕೊಂಡು ಪೇಟೆಯ ಲೈಬ್ರರಿಗೆ ಪುಸ್ತಕ ಬದಲಾಯಿಸಲು ಕರೆದುಕೊಂಡು ಹೋಗುತ್ತಿದ್ದಿರಿ. ಬಿಸಿಲಿದ್ದರೂ ಒಳಗೆ ಬರುತ್ತಿರಲಿಲ್ಲ. "ನೀನು ಹೋಗು, ನಾನು ಸೈಕಲ್ ಕಾಯ್ತೀನಿ" ಎಂದು ಮೆಟ್ಟಿಲ ಕೆಳಗೇ ನಿಲ್ಲುತ್ತಿದ್ದಿರಿ. ನಾನು ಬೇಕೆಂದೇ ತಡ ಮಾಡುತ್ತಿದ್ದೆ, ನೀವು ಒಂದು ಸಲವೂ ಗದರಲಿಲ್ಲ. ನಾನು ಇವತ್ತು ಪುಸ್ತಕಗಳ ನಡುವೆ ಕೂತು ಅನ್ನ ತಿನ್ನುತ್ತಿದ್ದರೆ ಅದು ಆ ಸೈಕಲ್ಲಿನ ದಯೆ.

ನನ್ನ ಕೆಲಸದಲ್ಲೂ ಒಂದು ಬದಲಾವಣೆ ಆಗಿದೆ. ದೊಡ್ಡದೇನಲ್ಲ. ಅಭ್ಯಾಸವಾದ ಮೇಲೆ ಬರೆಯುತ್ತೇನೆ.

ನಿಮ್ಮ ಕಡ್ಡಿ


ಜುಲೈ ೯

ಪ್ರೀತಿಯ ಕಡ್ಡಿಗೆ,

ಮೇಷ್ಟ್ರು ಎಂದು ಕರೆದಿದ್ದೀಯ. ನಾನು ಹಾಗೆ ಬರೆದಿರಲಿಲ್ಲ; ಆದರೆ ನೀನೇ ಕರೆದ ಮೇಲೆ ಬೇಡ ಎನ್ನಲು ನಾನು ಯಾರು?

ನಿನ್ನ ಕಸುಬಿನವರೇ ಒಬ್ಬರು ಇಲ್ಲಿದ್ದಾರೆ, ಅವರ ವಿಚಾರ ಬರೆಯದಿದ್ದರೆ ಊಟ ಸೇರುವುದಿಲ್ಲ. ಈ ಕಾಲೇಜಿನಲ್ಲಿ ಹೊಸ ಏರ್ಪಾಡು ಮಾಡಿದ್ದಾರೆ. ಲೈಬ್ರರಿಯವರು ಲೈಬ್ರರಿಯಲ್ಲಿ ಕೂರುವುದಿಲ್ಲವಂತೆ! ಒಂದೊಂದು ಕೋರ್ಸಿಗೆ ಒಬ್ಬೊಬ್ಬರು ಎಂದು ಹಂಚಿಬಿಟ್ಟಿದ್ದಾರೆ. ನಮ್ಮ ಪಾಲಿಗೆ ಬಂದವರಿಗೆ ಸುಮಾರು ನಲವತ್ತು ವಯಸ್ಸು, ಕನ್ನಡಕಕ್ಕೆ ದಾರ ಕಟ್ಟಿ ಕುತ್ತಿಗೆಗೆ ನೇತುಹಾಕಿಕೊಂಡಿರುತ್ತಾರೆ. ಅವರ ಮೇಜು ಎಲ್ಲಿದೆ ಹೇಳು ನೋಡೋಣ? ವರ್ಕ್‌ಶಾಪಿನ ಒಳಗೆ! ಒಂದು ಪಕ್ಕ ಕೈ ತೊಳೆಯುವ ನಲ್ಲಿ, ಇನ್ನೊಂದು ಪಕ್ಕ ಹೊಟ್ಟೆ ಸೀಳಿ ಇಟ್ಟ ಕಂಪ್ರೆಸರ್. ನಾವು ಕೈ ತೊಳೆದಾಗೆಲ್ಲ ಅವರ ಕಾಗದಕ್ಕೆ ಸೋಪಿನ ನೀರು ಸಿಡಿಯುತ್ತದೆ. ಅವರು ಒರೆಸಿಕೊಂಡು ನಗುತ್ತಾರೆ. ನಮ್ಮ ಜೊತೆಗೇ ಕೂತು ಪಾಠ ಕೇಳುತ್ತಾರೆ, ಕೈಗೆ ಗ್ರೀಸು ಮಾಡಿಕೊಳ್ಳುತ್ತಾರೆ.

ಮೊದಲ ದಿನ ನನ್ನ ಹತ್ತಿರ ಬಂದರು.

"ಏನಾದ್ರೂ ಹುಡುಕೋದಿದ್ರೆ ಕೇಳಿ ಸರ್, ಸಹಾಯ ಮಾಡ್ತೀನಿ."

"ನನಗಾ?" ಎಂದೆ. "ತಾಯಿ, ನಿಮ್ಮ ಕನ್ನಡಕ ಕಳೆದ್ರೆ ನನ್ನನ್ನ ಕೇಳಿ, ಹುಡುಕಿ ಕೊಡ್ತೀನಿ. ನನಗೆ ಹುಡುಕೋಕೆ ಏನೂ ಉಳಿದಿಲ್ಲ."

ಇಡೀ ಕ್ಲಾಸು ಹೊಟ್ಟೆ ಹಿಡಿದುಕೊಂಡು ನಕ್ಕಿತು. ನಮ್ಮ ಇನ್‌ಸ್ಟ್ರಕ್ಟರೂ ನಗು ತಡೆಯಲಾಗದೆ ಬೋರ್ಡಿನ ಕಡೆ ತಿರುಗಿದರು. ಆಕೆಯೂ ನಕ್ಕರು. ಅಂದಿನಿಂದ ಅವರಿಗೆ ನಾನಿಟ್ಟ ಹೆಸರು ಪುಸ್ತಕದಮ್ಮ.

ನೀನು ಹತ್ತು ಸಾವಿರ ಪುಸ್ತಕಗಳ ಒಡತಿ. ಸ್ವಂತ ಕಟ್ಟಡ, ಸ್ವಂತ ಕುರ್ಚಿ. ನಿನ್ನನ್ನು ಯಾರಾದರೂ ಹೀಗೆ ಎತ್ತಿ ನಲ್ಲಿಯ ಪಕ್ಕ ಕೂರಿಸಿದರೆ ಹೇಳು, ಬಂದು ಜಗಳವಾಡುತ್ತೇನೆ. ಮರ್ಯಾದೆ ಅಂತ ಒಂದಿದೆಯಲ್ಲ?

ಆಗಸ್ಟ್ ಆರಕ್ಕೆ ಇಲ್ಲಿ ಪರೀಕ್ಷೆ. ಕೇಳಿದರೆ ನಗುತ್ತೀಯ. ಪುಸ್ತಕ ಎದುರಿಗೇ ತೆರೆದಿಟ್ಟುಕೊಂಡು ಬರೆಯುವ ಪರೀಕ್ಷೆಯಂತೆ! ನಾನೂರ ಹನ್ನೆರಡು ಪುಟದ ಹೊಸ ಮ್ಯಾನುಯಲ್, ಅದರಲ್ಲಿ ಇಲ್ಲದ್ದು ಒಂದೂ ಕೇಳುವುದಿಲ್ಲವಂತೆ. ನಮ್ಮ ಕಾಲದಲ್ಲಿ ಪುಸ್ತಕ ಮುಟ್ಟಿದರೆ ಬೆತ್ತ ಮುರಿಯುತ್ತಿತ್ತು. ಇದನ್ನೂ ಪರೀಕ್ಷೆ ಅನ್ನುತ್ತಾರೆ.

ನಿನ್ನ
ಮೇಷ್ಟ್ರು ಮಾವ


ಜುಲೈ ೨೩

ಪ್ರೀತಿಯ ಮಾವನಿಗೆ,

ಪುಸ್ತಕ ತೆರೆದಿಟ್ಟ ಪರೀಕ್ಷೆಯನ್ನು ಹಗುರವಾಗಿ ತೆಗೆದುಕೊಳ್ಳಬೇಡಿ ಎಂದು ನಿಮ್ಮ ವಿದ್ಯಾರ್ಥಿಗಳಿಗೆ ಹೇಳಿ. ನಾನು ನೋಡಿದ ಹಾಗೆ ಹೆಚ್ಚು ಜನ ಜಾರುವುದು ಅಲ್ಲೇ.

ಮರ್ಯಾದೆಯ ವಿಚಾರ ಬರೆದಿದ್ದೀರಿ. ಜಗಳಕ್ಕೆ ಬರುವ ಅಗತ್ಯ ಇಲ್ಲ. ನನ್ನ ಕಟ್ಟಡ ಇದ್ದಲ್ಲೇ ಇದೆ.

ಒಂದು ಕುತೂಹಲ. ಆ ಪುಸ್ತಕದಮ್ಮನ ಹತ್ತಿರ ಆಮೇಲೆ ಯಾರಾದರೂ ಹೋದರಾ? ಮೊದಲು ಹೋದವರು ಯಾರು, ಏನು ಕೇಳಿದರು? ಇಲ್ಲಾ ಅವರೇ ಎದ್ದು ಬಂದರಾ? ಯಾರೂ ಹೋಗದಿದ್ದರೆ ದಿನವಿಡೀ ಏನು ಮಾಡುತ್ತಾರೆ? ಸುಮ್ಮನೆ ಕೇಳುತ್ತಿದ್ದೇನೆ. ಮರೆಯದೆ ಬರೆಯಿರಿ.

ನಿಮ್ಮ ಕಡ್ಡಿ


ಆಗಸ್ಟ್ ೩೦

ಮಾವ,

ಒಂದು ತಿಂಗಳಾಯಿತು, ಒಂದಕ್ಷರ ಇಲ್ಲ. ಫೋನು ಮಾಡಿದರೆ ಅತ್ತೆ "ಚೆನ್ನಾಗಿದ್ದಾರೆ ಕಣೇ, ಇಲ್ಲೇ ಎಲ್ಲೋ ಹೋಗಿದ್ದಾರೆ" ಎನ್ನುತ್ತಾರೆ. ಮೂರು ಸಲವೂ ಇಲ್ಲೇ ಎಲ್ಲೋ ಹೋಗಿದ್ದಿರಿ. ನಿಮ್ಮ ಬುರುಡೆ ಕೇಳದೆ ನನಗೆ ಇಲ್ಲಿ ದಿನ ಹೋಗುತ್ತಿಲ್ಲ. ಎರಡೇ ಸಾಲು ಸಾಕು.

ಕಡ್ಡಿ


ಸೆಪ್ಟೆಂಬರ್ ೧೧

ಪ್ರೀತಿಯ ಕಡ್ಡಿಗೆ,

ಕೈಗೆ ಪೆಟ್ಟಾಗಿತ್ತು, ಬರೆಯಲಾಗಲಿಲ್ಲ. ಮೂರು ಬೆರಳು. ಬಲಗೈ. ಈಗ ಪರವಾಗಿಲ್ಲ, ಹೆಚ್ಚು ಕೇಳಬೇಡ.

ನೀನು ಪುಸ್ತಕದಮ್ಮನ ಬಗ್ಗೆ ಕೇಳಿದ್ದೆ. ಅದು ಬರೆಯುವಂಥದ್ದೇ. ಹೋದ ತಿಂಗಳ ಕೊನೆಗೆ ಒಂದು ದಿನ ನಾನು ನೀಲಿ ಕೋಟನ್ನು ಮಡಿಸಿ ಕಾಲೇಜಿಗೆ ಕೊಟ್ಟು ಬರೋಣ ಎಂದು ಹೋಗಿದ್ದೆ. ಯಾಕೆ ಎಂದರೆ, ಒಗೆಯಲು. ಊಟದ ಹೊತ್ತು, ವರ್ಕ್‌ಶಾಪಿನಲ್ಲಿ ಯಾರೂ ಇರಲಿಲ್ಲ. ಆಕೆ ಒಬ್ಬರೇ ಓಡುತ್ತಿದ್ದ ಒಂದು ಮಿಷನ್ನಿನ ಮುಂದೆ ಮ್ಯಾನುಯಲ್ ಹಿಡಿದು ನಿಂತಿದ್ದರು. ಮುಖ ನೋಡಿದರೆ ಅಯ್ಯೋ ಪಾಪ ಅನ್ನಿಸುವ ಹಾಗಿತ್ತು.

"ಸರ್, ಒಂದು ಉಪಕಾರ ಮಾಡ್ತೀರಾ? ಇದು ಯಾಕೋ ಬೇರೆ ಥರ ಸದ್ದು ಮಾಡ್ತಿದೆ. ಪುಸ್ತಕದಲ್ಲಿ ಎಲ್ಲಿ ಹುಡುಕಬೇಕು ಅಂತ ನನಗೆ ತಿಳೀತಿಲ್ಲ."

ನಾನು ಕೋಟು ಕೆಳಗಿಟ್ಟೆ. ಕಿವಿ ಕೊಟ್ಟೆ. "ಹಾವು ಬುಸುಗುಟ್ಟಿದ ಹಾಗಿದೆ ನೋಡಿ, ಅಲ್ಲಿ, ವಾಲ್ವಿನ ಹತ್ತಿರ. ಗ್ಯಾಸು ಕಮ್ಮಿಯಾಗಿದೆ. ಇದಕ್ಕೆ ಪುಸ್ತಕ ಯಾಕೆ?"

"ನಿಮಗೆ ಬೇಡ, ನನಗೆ ಬೇಕಲ್ಲ? ಗ್ಯಾಸು ಕಮ್ಮಿ..." ಎನ್ನುತ್ತ ಆಕೆ ಪುಸ್ತಕವನ್ನು ಹಿಂದುಮುಂದು ಮಾಡಿ, ಕೊನೆಯಿಂದ ತೆರೆದರು! ನನಗೆ ನಗು ಬಂತು. ಪುಸ್ತಕ ಹಿಡಿಯಲೂ ಬಾರದ ಲೈಬ್ರರಿಯವರು! ನೋಡಿದರೆ ಅಲ್ಲಿ ಬರೀ ಪದಗಳು, ಸಾಲುಸಾಲಾಗಿ, ಪಕ್ಕದಲ್ಲಿ ಪುಟದ ನಂಬರು. "ಗ್ಯಾಸ್, ಕೊರತೆ, ಇನ್ನೂರ ಆರು" ಎಂದು ಓದಿ, ಇನ್ನೂರ ಆರಕ್ಕೆ ಹೋದರು. ಅಲ್ಲಿ ಹಾವಿನ ಸದ್ದೇ ಬರೆದಿತ್ತು! ಹಾವು ಎಂದು ಬರೆದಿರಲಿಲ್ಲ, ಆದರೆ ಅದೇ.

"ಇನ್ನೊಂದು ಹೇಳಿ ಸರ್" ಎಂದರು. "ಬಾಗಿಲು ತಟ್ಟಿದ ಹಾಗೆ ಟಕಟಕ ಅಂದ್ರೆ?" ನಾನು ಕಾಯಿಲೆ ಹೇಳಿದೆ, ಆಕೆ ಪುಸ್ತಕದ ಬಾಲ ಹಿಡಿದು ಪುಟ ಹೇಳಿದರು. ಆ ಕೊನೆಯ ಪಟ್ಟಿಗೆ ಪದಸೂಚಿ ಎನ್ನುತ್ತಾರಂತೆ; ನಾನಿಟ್ಟ ಹೆಸರು ಪುಸ್ತಕದ ಬಾಲ. ಈಗ ವಾರಕ್ಕೆ ಮೂರು ದಿನ ಊಟದ ಹೊತ್ತಿನಲ್ಲಿ ನಾನು ಅವರಿಗೆ ಪಾಠ ಹೇಳುತ್ತಿದ್ದೇನೆ. ಪಾಪ, ಏನೂ ಗೊತ್ತಿಲ್ಲ, ಆದರೆ ಕಲಿಯುವ ಆಸೆ ಇದೆ. ನಿನ್ನೆ ಆಕೆ ಕೈ ಒರೆಸಿಕೊಳ್ಳುತ್ತ "ನೀವೇ ತೆಗೆದು ನೋಡಿ ಸರ್, ನನ್ನ ಕೈ ಒದ್ದೆ" ಎಂದರು. ನಲ್ಲಿಯ ಪಕ್ಕ ಕೂರಿಸಿದರೆ ಕೈ ಒದ್ದೆಯಾಗದೆ ಏನಾಗುತ್ತದೆ? ನಾನೇ ತೆಗೆದು ನೋಡಿ ಕೊಟ್ಟೆ.

ನಿನ್ನ
ಮಾವ

ಕಡ್ಡಿ, ಕವರ್ ಅಂಟಿಸಲು ನನ್ನ ಕೈಗೆ ಕೊಟ್ಟರು, ಅದಕ್ಕೇ ಈ ಸಾಲು. ಇವರ ಮೂರು ಬೆರಳಿಗೂ ಏನೂ ಆಗಿಲ್ಲ. ಇವರು ಅಲ್ಲಿ ಮೇಷ್ಟ್ರಲ್ಲ, ವಿದ್ಯಾರ್ಥಿ. ಆಗಸ್ಟಿನ ಪರೀಕ್ಷೆಯಲ್ಲಿ ಫೇಲಾದರು, ಮೂರು ವಾರ ಯಾರ ಹತ್ತಿರವೂ ಮಾತಿಲ್ಲ. ಕೋಟು ಕೊಡಲು ಹೋದದ್ದು ಬಿಟ್ಟುಬಿಡಲು. ನವೆಂಬರ್ ಇಪ್ಪತ್ತಕ್ಕೆ ಇನ್ನೊಂದೇ ಅವಕಾಶ. ಅದೂ ಹೋದರೆ ಬಾಗಿಲ ಬಳಿ ಮೂಟೆ ಎಣಿಸುವುದು. ನಾನು ಹೇಳಿದೆ ಎಂದು ಹೇಳಬೇಡ. — ಅತ್ತೆ


ಸೆಪ್ಟೆಂಬರ್ ೨೪

ಪ್ರೀತಿಯ ಮಾವನಿಗೆ,

ನಿಮ್ಮ ಬೆರಳುಗಳು ಬೇಗ ವಾಸಿಯಾದದ್ದು ಸಂತೋಷ.

ಆ ಮೇಡಂಗೆ ಪಾಠ ಹೇಳುವುದನ್ನು ದಯವಿಟ್ಟು ನಿಲ್ಲಿಸಬೇಡಿ. ನಮ್ಮ ಕಸುಬಿನವರು ಸ್ವಲ್ಪ ನಿಧಾನ, ತಾಳ್ಮೆ ಇರಲಿ. ಅವರು ಪುಸ್ತಕದ ಬಾಲ ಹಿಡಿದಾಗ ಪಕ್ಕದಲ್ಲೇ ನಿಂತು ನೋಡಿ. ಒಂದು ಪದ ಸಿಗದಿದ್ದರೆ ಇನ್ನೊಂದು ಪದ ನೀವೇ ಹೇಳಿಕೊಡಿ. ಅವರ ಕೈ ಒದ್ದೆಯಾದಷ್ಟೂ ಒಳ್ಳೆಯದು, ನೀವೇ ತೆಗೆಯಿರಿ.

"ಒಂದು ಉಪಕಾರ ಮಾಡ್ತೀರಾ" ಎಂದೇ ಅವರು ಶುರು ಮಾಡಿದ್ದಾ? "ಸಹಾಯ ಬೇಕಾ" ಎಂದಲ್ಲ ತಾನೆ? ಈ ಸಾಲನ್ನು ನಾನು ನಾಲ್ಕು ಸಲ ಓದಿದೆ. ಅವರು ಮತ್ತೇನು ಕೇಳಿದರೂ ಇದ್ದದ್ದು ಇದ್ದ ಹಾಗೆ ಬರೆಯಿರಿ. ಇದೊಂದರಲ್ಲಿ ಮಾತ್ರ ಒಗ್ಗರಣೆ ಹಾಕಬೇಡಿ.

ನಿಮ್ಮ ಕಡ್ಡಿ


ಅಕ್ಟೋಬರ್ ೧೪

ಪ್ರೀತಿಯ ಕಡ್ಡಿಗೆ,

ಆ ಪುಸ್ತಕದಮ್ಮನ ಬಗ್ಗೆ ನಿನಗೆ ಯಾಕಿಷ್ಟು ಕುತೂಹಲವೋ ತಿಳಿಯದು. ನಿನ್ನ ಅತ್ತೆಗೆ ಬರದ ಅನುಮಾನ ನಿನಗೆ ಬಂದಿದೆಯೇ ಎಂದು ಎರಡು ದಿನ ಯೋಚಿಸಿದೆ. ಇರಲಿ, ಕೇಳಿದ್ದೀಯ, ಒಗ್ಗರಣೆ ಇಲ್ಲದೆಯೇ ಬರೆಯುತ್ತೇನೆ. ರುಚಿ ಇರುವುದಿಲ್ಲ, ನುಂಗು.

ಮೊನ್ನೆ ಹೊಸ ಗ್ಯಾಸು ತುಂಬುವ ಪಾಠ. ನಾನು ಎಂದಿನಂತೆ ಸಿಲಿಂಡರನ್ನು ನೆಟ್ಟಗೆ ನಿಲ್ಲಿಸಿ ವಾಲ್ವಿಗೆ ಕೈ ಹಾಕಿದೆ. ಆಕೆ ಮೇಜಿನಿಂದ ಎದ್ದು ಬಂದು ಮೆಲ್ಲಗೆ ಕೇಳಿದರು: "ಸರ್, ಇದನ್ನ ತಲೆಕೆಳಗು ಮಾಡಬೇಕು ಅಂತ ಎಲ್ಲೋ ಓದಿದ ಹಾಗಿದೆ. ನಾನು ತಪ್ಪು ಓದಿದ್ನೋ ಏನೋ. ನೋಡ್ತೀರಾ?"

ಇಪ್ಪತ್ತೆಂಟು ವರ್ಷ ನೆಟ್ಟಗೆ ನಿಂತ ಸಿಲಿಂಡರನ್ನು ತಲೆಕೆಳಗು ಮಾಡುವುದೇ! ತೋರಿಸಿಯೇ ಬಿಡೋಣ ಎಂದು ನಾನೇ ಬಾಲ ಹಿಡಿದೆ. 'ತುಂಬುವುದು' ಎಂದು ನೋಡಿದೆ, ಇಲ್ಲ. 'ಸಿಲಿಂಡರ್' ಎಂದು ನೋಡಿದೆ, ಇತ್ತು. ಮುನ್ನೂರ ನಲವತ್ತು. ಅಲ್ಲಿ ಬರೆದಿದೆ, ಹೊಸದು ಎರಡು ಮೂರು ಗ್ಯಾಸುಗಳ ಬೆರಕೆ. ನೆಟ್ಟಗೆ ನಿಲ್ಲಿಸಿದರೆ ಹಗುರವಾದದ್ದು ಮೊದಲು ಹೊರಟುಹೋಗಿ ಬೆರಕೆ ಕೆಡುತ್ತದೆ, ತಲೆಕೆಳಗು ಮಾಡಿ ದ್ರವವಾಗಿಯೇ ತುಂಬಬೇಕು. ಕಡ್ಡಿ, ನಾನು ಅದನ್ನು ಮೂರು ಸಲ ಓದಿದೆ. ಕೋಲ್ಡ್ ಸ್ಟೋರೇಜಿನಲ್ಲಿ ನಾನು ಹಾಗೆಯೇ ತುಂಬಿದ್ದರೆ? ನನ್ನ ಕಿವಿಗೆ ಅದು ಕೇಳಿಸುವ ಹೊತ್ತಿಗೆ ಅರ್ಧ ಆಲೂಗಡ್ಡೆ ಮೊಳಕೆ ಬಿಟ್ಟಿರುತ್ತಿತ್ತು.

ಆಕೆಯನ್ನು ನೋಡಿದೆ. "ನಿಮಗೆ ಮೊದಲೇ ಗೊತ್ತಿತ್ತು ಅಲ್ವಾ?" ಎಂದೆ.

"ಸಿಲಿಂಡರ್ ವಿಷಯ ಗೊತ್ತಿತ್ತು" ಎಂದರು. ಕನ್ನಡಕ ತೆಗೆದು ಒರೆಸುತ್ತ ಹೇಳಿದರು: "ಆಗಸ್ಟಿನಲ್ಲಿ ಪರೀಕ್ಷೆ ಕೋಣೇಲಿ ನಾನೂ ಇದ್ದೆ ಸರ್. ನೀವು ಮೊದಲನೇ ಪುಟದಿಂದ ಓದ್ತಾ ಇದ್ರಿ. ಅವತ್ತು ನಾನು ಬಾಯಿ ತೆರೆಯೋ ಹಾಗಿರಲಿಲ್ಲ."

ಈಗ ನಿನಗೆ ಹೇಳಿಬಿಡುತ್ತೇನೆ. ಪರೀಕ್ಷೆ ಬರೆದವನು ನಾನು. ಪುಸ್ತಕ ತೆರೆದೆ, ಮೊದಲ ಪುಟದಿಂದ ಓದಲು ಶುರು ಮಾಡಿದೆ. ಉತ್ತರ ಎಲ್ಲಿದೆಯೋ ಅಲ್ಲಿ ಸಿಗುತ್ತದೆ ಎಂದುಕೊಂಡೆ. ಮೂವತ್ತೊಂದನೇ ಪುಟಕ್ಕೆ ಬರುವಷ್ಟರಲ್ಲಿ ಗಂಟೆ ಬಾರಿಸಿದರು. ಪುಸ್ತಕದ ನಡುವಿನಿಂದ ಒಳಗೆ ನುಗ್ಗಬಹುದು ಎಂದು ನನಗೆ ಯಾರೂ ಹೇಳಿರಲಿಲ್ಲ. ನಮ್ಮ ಊರ ಶಾಲೆಯಲ್ಲಿ ಒಂದು ಪುಸ್ತಕ ಐದು ಮಕ್ಕಳ ಕೈ ದಾಟಿ ನನ್ನ ಕೈಗೆ ಬರುತ್ತಿತ್ತು. ಮೊದಲ ಹಾಳೆಗಳು ಇರುತ್ತಿದ್ದವು, ಕೊನೆಯವು ಯಾವತ್ತೂ ಇರುತ್ತಿರಲಿಲ್ಲ. ಪುಸ್ತಕಕ್ಕೆ ಬಾಲ ಇರುತ್ತದೆ ಎಂದೇ ನನಗೆ ಐವತ್ನಾಲ್ಕು ವರ್ಷ ಗೊತ್ತಿರಲಿಲ್ಲ.

ನಮ್ಮ ಹಳೆಯ ಮ್ಯಾನುಯಲ್ ಬಾಯಿಪಾಠ ಅಂದಿದ್ದೆನಲ್ಲ? ಅದರಲ್ಲಿ ನಾಲ್ಕು ಕಡೆ ನನ್ನ ಹೆಬ್ಬೆರಳಿನ ಎಣ್ಣೆಕಲೆ ಇದೆ. ಆ ನಾಲ್ಕೇ ಪುಟ ನನಗೆ ಗೊತ್ತು. ಹೊಸದರಲ್ಲಿ ಕಲೆಯೇ ಇಲ್ಲ, ಎಲ್ಲ ಬೆಳ್ಳಗೆ.

"ಮತ್ತೆ ಆವತ್ತು ಹಾವಿನ ಸದ್ದು? ಅದೂ ನಾಟಕವಾ?" ಎಂದು ಕೇಳಿದೆ.

"ಅಯ್ಯೋ ಇಲ್ಲ ಸರ್" ಎಂದರು. "ಅದು ನನಗೆ ನಿಜವಾಗಿಯೂ ಗೊತ್ತಿರಲಿಲ್ಲ."

ಆಮೇಲೆ ಇಬ್ಬರೂ ಬಹಳ ಹೊತ್ತು ನಕ್ಕೆವು. ಈಗ ನನ್ನ ಸದ್ದುಗಳನ್ನೆಲ್ಲ ಆಕೆ ಒಂದು ಪಟ್ಟಿ ಮಾಡುತ್ತಿದ್ದಾರೆ: ಹಾವಿನ ಬುಸುಗುಡುವಿಕೆ, ಬಾಗಿಲು ತಟ್ಟಿದ್ದು, ಮುದುಕ ಗಂಟಲು ಸರಿ ಮಾಡಿಕೊಂಡದ್ದು, ಪಕ್ಕದಲ್ಲಿ ಪುಟದ ನಂಬರು. ಅ, ಆ, ಇ ಎಂದು ಅಕ್ಷರದ ಸಾಲಿನಲ್ಲಿ ಜೋಡಿಸುವವನು ನಾನೇ. ನಲ್ಲಿಯ ಮೇಲಿನ ಗೋಡೆಗೆ ಅಂಟಿಸುತ್ತಾರಂತೆ.

ಇನ್ನು ಐದು ವಾರ. ಭಯವಾಗಿದೆ ಕಣಮ್ಮ. ಇದರಲ್ಲಿ ಬುರುಡೆ ಇಲ್ಲ.

ಮಾವ


ನವೆಂಬರ್ ೩

ಪ್ರೀತಿಯ ಮಾವನಿಗೆ,

ಈ ಪತ್ರ ಇಪ್ಪತ್ತನೇ ತಾರೀಕಿಗೆ ಮೊದಲು ನಿಮಗೆ ಸಿಗಬೇಕೆಂದು ನಾನೇ ಹೋಗಿ ಅಂಚೆಗೆ ಹಾಕುತ್ತಿದ್ದೇನೆ. ನೀವು ನಿಜ ಬರೆದ ಮೇಲೆ ನಾನು ಸುಮ್ಮನಿರುವುದು ಸರಿಯಲ್ಲ.

ಜೂನಿನಲ್ಲಿ ಬದಲಾವಣೆ ಆಗಿದೆ ಎಂದು ಬರೆದಿದ್ದೆನಲ್ಲ? ನಮ್ಮ ಕಾಲೇಜಿನಲ್ಲೂ ಅದೇ ಏರ್ಪಾಡು, ಮಾವ. ನನ್ನನ್ನು ಎತ್ತಿ ರೋಗಿಗಳ ಆರೈಕೆ ಕಲಿಸುವ ಕೋರ್ಸಿಗೆ ಹಾಕಿದರು. ಕೋಣೆಯಲ್ಲಿ ಎರಡು ಮಂಚ, ಒಂದರ ಮೇಲೆ ರಬ್ಬರಿನ ರೋಗಿ, ಅದರ ಕಾಲ ಬಳಿ ನನ್ನ ಮೇಜು. ಆ ರಬ್ಬರ್ ರೋಗಿಯನ್ನು ವಿಚಾರಿಸಲು ದಿನಕ್ಕೆ ನಲವತ್ತು ಜನ ಬರುತ್ತಿದ್ದರು, ನನ್ನನ್ನು ಒಬ್ಬರೂ ಇಲ್ಲ. "ಸಹಾಯ ಬೇಕಾ, ಸಹಾಯ ಬೇಕಾ" ಎಂದು ನಾನು ಕೇಳಿದಷ್ಟೂ ಅವರು ದೂರ ಹೋದರು. ಅದೇ ಹೊತ್ತಿಗೆ ನಿಮ್ಮ ಮರ್ಯಾದೆಯ ಪತ್ರ ಬಂತು. ಆವತ್ತು ಊಟ ಮಾಡಲಿಲ್ಲ. ನಿಮಗೆ ಹೇಳದಿದ್ದದ್ದು ನೀವು ಜಗಳಕ್ಕೆ ಬರುತ್ತೀರಿ ಎಂದಲ್ಲ, ನೀವು ಬರೆದದ್ದು ನಿಜವೆಂದು ನನಗೇ ಅನ್ನಿಸಿತ್ತು.

ನಿಮ್ಮ ಸೆಪ್ಟೆಂಬರಿನ ಪತ್ರ ಬಂದ ಮಾರನೇ ದಿನ ನಾನು ಆ ಕ್ಲಾಸಿನ ಒಬ್ಬ ಹೆಂಗಸಿನ ಹತ್ತಿರ ಹೋದೆ. ಎರಡು ಮಕ್ಕಳ ತಾಯಿ, ಯಾವತ್ತೂ ಗೋಡೆ ಪಕ್ಕವೇ ಕೂರುವವರು. "ಅಕ್ಕ, ಒಂದು ಉಪಕಾರ ಮಾಡ್ತೀರಾ? ರೋಗಿ ಮೇಲೆ ಮಲಗಿರುವಾಗಲೇ ಹಾಸಿಗೆ ಬಟ್ಟೆ ಬದಲಾಯಿಸೋದು ಹೇಗೆ ಅಂತ ಪುಸ್ತಕ ಓದಿದ್ರೂ ನನಗೆ ಅರ್ಥ ಆಗ್ತಿಲ್ಲ." ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿ, "ರಬ್ಬರ್ ಗೊಂಬೆ ಮೇಲೆ ತೋರಿಸಿದ್ರೆ ನಿಮಗೆ ತಿಳಿಯಲ್ಲ. ಚಪ್ಪಲಿ ಬಿಡಿ, ಮಲಕ್ಕೊಳ್ಳಿ" ಎಂದರು. ಮಲಗಿದೆ. ಆ ಕಡೆ ಹೊರಳಿಸಿದರು, ಈ ಕಡೆ ಹೊರಳಿಸಿದರು. ಏಳುವಷ್ಟರಲ್ಲಿ ಬಟ್ಟೆ ಹೊಸದು. ಮಲಗಿದಲ್ಲಿಂದಲೇ ಕೇಳಿದೆ, "ಮೊದಲು ಆ ಕಡೆಯೇ ಯಾಕೆ?" ಅವರಿಗೂ ಗೊತ್ತಿರಲಿಲ್ಲ. ಇಬ್ಬರೂ ಸೇರಿ ಬಾಲ ಹಿಡಿದೆವು. ಈಗ ನನ್ನ ಮೇಜಿನ ಮುಂದೆ ಸಾಲು ನಿಲ್ಲುತ್ತದೆ, ರಬ್ಬರ್ ರೋಗಿಗೆ ಹೊಟ್ಟೆಕಿಚ್ಚು.

ಹೀಗೆ, ನೀವು ನಿಜವಾಗಿಯೂ ಮೇಷ್ಟ್ರೇ. ನಿಮ್ಮ ವಿದ್ಯಾರ್ಥಿ ನಾನು.

ಇಪ್ಪತ್ತನೇ ತಾರೀಕು ಪ್ರಶ್ನೆಪತ್ರಿಕೆ ಬಂದ ಕೂಡಲೇ ಬರೆಯಬೇಡಿ. ಪ್ರಶ್ನೆಯಲ್ಲಿ ಎಲ್ಲಕ್ಕಿಂತ ತೂಕದ ಪದ ಯಾವುದು ನೋಡಿ. ಸಿಗದಿದ್ದರೆ ಅದರ ಅಣ್ಣತಮ್ಮಂದಿರನ್ನು ಹುಡುಕಿ. ಅವಸರ ಬೇಡ, ಪುಟ ತಿರುಗಿದರೆ ಸಾಕು.

ನಿಮ್ಮ ಕಡ್ಡಿ


ಡಿಸೆಂಬರ್ ೫

ಪ್ರೀತಿಯ ಕಡ್ಡಿಗೆ,

ಪಾಸು! ತೊಂಬತ್ತೊಂದು ಅಂಕ! ಸರ್ಟಿಫಿಕೇಟಿಗೆ ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದ್ದೇನೆ. ನಿನ್ನ ಅತ್ತೆ ಕ್ಯಾಲೆಂಡರ್ ತೆಗೆದು ಆ ಮೊಳೆ ಬಿಟ್ಟುಕೊಟ್ಟಳು. ಇಷ್ಟು ವರ್ಷದಲ್ಲಿ ಆಕೆ ನನಗಾಗಿ ಮಾಡಿದ ಅತಿ ದೊಡ್ಡ ತ್ಯಾಗ.

ಪರೀಕ್ಷೆಯ ದಿನ ಮೊದಲ ಪ್ರಶ್ನೆ ಓದಿದೆ. ಅಭ್ಯಾಸಬಲ, ಕೈ ತಾನಾಗಿ ಮೊದಲ ಪುಟ ತೆರೆಯಿತು. ಆಮೇಲೆ ಅತ್ತ ನೋಡಿದೆ. ಆಕೆ ದೂರದ ಬೆಂಚಿನಲ್ಲಿ ಕೂತಿದ್ದರು. ಮಾತಾಡುವಂತಿಲ್ಲ, ಸನ್ನೆ ಮಾಡುವಂತಿಲ್ಲ, ಮಾಡಲೂ ಇಲ್ಲ. ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದರು, ಪುಣ್ಯಾತ್ಗಿತ್ತಿ. ಪುಸ್ತಕ ಮುಚ್ಚಿದೆ. ತಿರುಗಿಸಿದೆ. ಬಾಲ ಹಿಡಿದೆ. ಒಂದು ಪದ ಸಿಗಲಿಲ್ಲ, ಅದರ ತಮ್ಮ ಸಿಕ್ಕ. ಗಂಟೆ ಬಾರಿಸಿದಾಗ ಕೊನೆಯ ಪ್ರಶ್ನೆಗೆ ಕೊನೆಯ ಚುಕ್ಕೆ ಇಟ್ಟಾಗಿತ್ತು.

ಫಲಿತಾಂಶ ಬಂದ ದಿನ ಆಕೆಯ ಮೇಜಿನ ಹತ್ತಿರ ಹೋದೆ. ಎಂಥಾ ಭಾಷಣ ತಯಾರು ಮಾಡಿಕೊಂಡಿದ್ದೆ ಗೊತ್ತಾ? ಬಾಯಿಗೆ ಒಂದೂ ಬರಲಿಲ್ಲ. ನನ್ನ ಬಾಯಿಗೆ! ಕೋಲ್ಡ್ ಸ್ಟೋರೇಜಿನವರು ಎಸೆಯಲಿದ್ದ ಹಳೆಯ ಮ್ಯಾನುಯಲನ್ನು ಕೇಳಿ ತಂದಿದ್ದೆ, ಅದನ್ನು ಮೇಜಿನ ಮೇಲಿಟ್ಟೆ. ಆಕೆ ಒಂದೊಂದೇ ಪುಟ ತಿರುಗಿಸಿ ನಾಲ್ಕೂ ಎಣ್ಣೆಕಲೆಗಳನ್ನು ನೋಡಿದರು. ಆಮೇಲೆ ನಂಬರು ಬರೆದು, ಬೆನ್ನಿಗೆ ಚೀಟಿ ಅಂಟಿಸಿ, ಹೊಸದರ ಪಕ್ಕ ನಿಲ್ಲಿಸಿದರು. "ಇದೂ ಒಂದು ಥರದ ಸೂಚಿಯೇ ಸರ್" ಎಂದರು. ನನ್ನ ಹೆಬ್ಬೆರಳು ಈಗ ಲೈಬ್ರರಿಯ ಆಸ್ತಿ. ಆ ನಲ್ಲಿಗೆ ಒಂದು ತಗಡಿನ ತಡೆ ಹೊಡೆದುಕೊಟ್ಟು ಬಂದೆ, ಇನ್ನು ಅವರ ಕಾಗದಕ್ಕೆ ಸೋಪಿನ ನೀರು ಹಾರುವುದಿಲ್ಲ. ನಿನ್ನ ಕೋಣೆಯಲ್ಲೂ ನಲ್ಲಿ ಇದ್ದರೆ ಅಳತೆ ಕಳಿಸು.

ನೀನು ನನ್ನ ಪತ್ರಗಳನ್ನು ಎಸೆಯುವವಳಲ್ಲ, ತಾರೀಕಿನ ಪ್ರಕಾರ ಜೋಡಿಸಿಟ್ಟಿರುತ್ತೀಯ. ಆದ್ದರಿಂದ ಅವಕ್ಕೊಂದು ಬಾಲ ಅಂಟಿಸುತ್ತಿದ್ದೇನೆ. ಅಕ್ಷರದ ಸಾಲಿನಲ್ಲೇ ಇದೆ, ಬೇಕಾದರೆ ನೋಡಿಕೋ.

ಅಂಕ: ಇದೇ ಪತ್ರ, ಮೊದಲ ಸಾಲು. ತೊಂಬತ್ತೊಂದಲ್ಲ, ಎಪ್ಪತ್ತೊಂದು.

ಉಪಕಾರ, ಪುಸ್ತಕದಮ್ಮನದು: ಸೆಪ್ಟೆಂಬರ್ ೧೧, ಅಕ್ಟೋಬರ್ ೧೪, ಇವತ್ತು. ನಿನ್ನದು: ಆ ಸೆಪ್ಟೆಂಬರ್ ೨೪ರ ಪತ್ರ. ನನ್ನ ಬೆರಳಿನ ವಿಷಯ ನಿನಗೆ ಆಗಲೇ ಗೊತ್ತಿತ್ತು ಎಂದು ನನಗೆ ಈಗ ಗೊತ್ತು; ನಾನು ಬರೆಯದ ಇಪ್ಪತ್ತನೇ ತಾರೀಕು ನಿನ್ನ ಪತ್ರದಲ್ಲಿತ್ತಲ್ಲ. ಗೊತ್ತಿದ್ದೂ ನಗಲಿಲ್ಲವಲ್ಲ, ಅದು.

ಕಂಪ್ರೆಸರ್: ಜೂನ್ ೧೨. ಮೂರಲ್ಲ, ಎರಡು.

ಕೈ, ಪೆಟ್ಟು: ಸೆಪ್ಟೆಂಬರ್ ೧೧. ಪೆಟ್ಟಾದದ್ದು ನಿಜ, ಕೈಗಲ್ಲ.

ಮರ್ಯಾದೆ: ಜುಲೈ ೯. ಆ ಸಾಲನ್ನು ಹೊಡೆದು ಹಾಕು. ನನ್ನ ಸೋದರ ಸೊಸೆ ಕ್ಲಾಸಿನ ಒಳಗೇ ಮೇಜು ಹಾಕಿಕೊಂಡು ಕೂರುವವಳು ಎಂದು ಇಡೀ ಬೀದಿಗೆ ಹೇಳಿದ್ದೇನೆ. ಅದರಲ್ಲಿ ಒಗ್ಗರಣೆ ಇಲ್ಲ.

ಮೇಷ್ಟ್ರು: ಜುಲೈ ೯, ಸುಳ್ಳು. ನವೆಂಬರ್ ೩, ನೀನು ಬರೆದದ್ದು. ಅದನ್ನು ಜೇಬಿನಲ್ಲಿಟ್ಟುಕೊಂಡೇ ಪರೀಕ್ಷೆಗೆ ಹೋದೆ.

ಸೈಕಲ್: ನಿನ್ನ ಜೂನ್ ೨೭ರ ಪತ್ರ. ಅದಕ್ಕೆ ಬೀಗ ಇತ್ತು, ಮಗಳೇ. ಮೆಟ್ಟಿಲು ಹತ್ತಿ ಒಳಗೆ ಬರಲು ನನಗೆ ಭಯ. ಮುಂದಿನ ಸಲ ನೀನು ಬಂದಾಗ ಇಬ್ಬರೂ ಹೋಗೋಣ, ನಾನೂ ಒಳಗೆ ಬರುತ್ತೇನೆ.

ನಿನ್ನ
ಮಾವ

ಕಡ್ಡಿ, ಕವರ್ ಅಂಟಿಸಲು ನನಗೇ ಕೊಟ್ಟರು. ಎರಡು ಸಲ ಓದಿದೆ. ಈ ಸಲ ತಿದ್ದಲು ನನಗೆ ಏನನ್ನೂ ಉಳಿಸಿಲ್ಲ. — ಅತ್ತೆ